ಮಾತು ಬಿಟ್ಟ ಹದಿಹರೆಯದ ಮಕ್ಕಳನ್ನು ಅರ್ಥ ಮಾಡಿಕೊಳ್ಳುವ ಕ್ರಮ: ಅಪ್ಪ ಅಮ್ಮಂದಿರಿಗೆ ಸಮಗ್ರ ಮಾರ್ಗದರ್ಶಿ

"ಏಳನೇ ಕ್ಲಾಸಿನವರೆಗೆ ಶಾಲೆಯಿಂದ ಬಂದ ಕೂಡಲೇ ಎಲ್ಲ ಹೇಳ್ತಿದ್ಲು. ಈಗ ಏನು ಕೇಳಿದ್ರೂ 'ಏನಿಲ್ಲ' ಅಂತಾಳೆ." ಹದಿಮೂರರಿಂದ ಹದಿನೆಂಟು ವರ್ಷದ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಪದೇ ಪದೇ ಕೇಳಿಬರುತ್ತದೆ. ಹೀಗೆ ಹೇಳುವವರು ಪ್ರಯತ್ನ ಮಾಡದೆ ಕೂತವರಲ್ಲ. ಎದುರಿಗೆ ಕೂರಿಸಿ ಮಾತಾಡಿದ್ದಾರೆ, ಮೊಬೈಲ್ ಕಿತ್ತುಕೊಂಡಿದ್ದಾರೆ, ಸೋದರಮಾವನ ಕೈಲಿ ಬುದ್ಧಿ ಹೇಳಿಸಿದ್ದಾರೆ, ಟ್ಯೂಷನ್ ಬದಲಿಸಿದ್ದಾರೆ. ಆದರೂ ಮಗು ಇನ್ನಷ್ಟು ದೂರ ಹೋಗಿದೆ.

ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಕ್ರಮ. ಬುದ್ಧಿಮಾತು, ನಿಯಮ ಕೊನೆಗೆ ಬರಬೇಕು. ಆದರೆ ನಾವು ಅಲ್ಲಿಂದಲೇ ಶುರು ಮಾಡುತ್ತೇವೆ. ಮೊದಲು ನೋಡಬೇಕಾದ ನಿದ್ದೆ, ಊಟ, ಮಗುವಿನ ದಿನ ಹೇಗೆ ಕಳೆಯುತ್ತಿದೆ ಅನ್ನುವುದನ್ನು ಕೊನೆಯವರೆಗೂ ನೋಡುವುದಿಲ್ಲ. ಕೆಳಗಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ.

ಆದರೆ ಮಗು ಸಾವಿನ ಮಾತಾಡುತ್ತಿದ್ದರೆ, ಕೈಯಲ್ಲಿ ಕೊಯ್ದುಕೊಂಡ ಗುರುತು ಕಂಡಿದ್ದರೆ ಈ ಕ್ರಮ ಬೇಡ. ನೇರವಾಗಿ ಎಂಟನೇ ಹಂತ ಓದಿ.

## ಶುರು ಮಾಡುವ ಮೊದಲು ಬೇಕಾದವು

ಒಂದು ಚಿಕ್ಕ ನೋಟ್‌ಬುಕ್. ಇದು ನಿಮಗೆ ಮಾತ್ರ, ಮಗುವಿನ ಕಣ್ಣಿಗೆ ಬೀಳದ ಕಡೆ ಇಡಿ. ಒಂದು ಸಾದಾ ಅಲಾರಂ ಗಡಿಯಾರ, ಯಾಕೆ ಅಂತ ಆರನೇ ಹಂತದಲ್ಲಿ ಹೇಳುತ್ತೇನೆ. ಕನಿಷ್ಠ ಒಂದು ತಿಂಗಳ ತಾಳ್ಮೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮನೆಯ ದೊಡ್ಡವರ ಒಮ್ಮತ. ಅಪ್ಪ ಬೈಯುವುದು, ಅಮ್ಮ ಗುಟ್ಟಾಗಿ ಸಮಾಧಾನ ಮಾಡುವುದು, ಅಜ್ಜಿ ಇಬ್ಬರಿಗೂ ಬೈಯುವುದು ನಡೆಯುತ್ತಿದ್ದರೆ ಮುಂದಿನ ಯಾವ ಹಂತವೂ ನಿಲ್ಲುವುದಿಲ್ಲ. ಮಗು ಮಲಗಿದ ಮೇಲೆ ದೊಡ್ಡವರು ಕೂತು ಎರಡು ವಿಷಯ ಒಪ್ಪಿಕೊಳ್ಳಿ. ಒಂದು ತಿಂಗಳು ಯಾರೂ ಮಗುವನ್ನು ಬೇರೆಯವರ ಮಕ್ಕಳ ಜೊತೆ ಹೋಲಿಸಬಾರದು. ಮಗುವಿನ ವಿಷಯವನ್ನು ಮನೆಗೆ ಬಂದವರ ಮುಂದೆ ಎತ್ತಬಾರದು.

## ಹಂತ 1: ಒಂದು ವಾರ ಸುಮ್ನೆ ಗಮನಿಸಿ

ಈ ವಾರ ಹೊಸ ಪ್ರಶ್ನೆ ಬೇಡ, ಹೊಸ ನಿಯಮವೂ ಬೇಡ. ನೋಟ್‌ಬುಕ್‌ನಲ್ಲಿ ದಿನಕ್ಕೆ ನಾಲ್ಕೈದು ಸಾಲು ಬರೆಯಿರಿ: ಎಷ್ಟು ಗಂಟೆಗೆ ಮಲಗಿದ, ಎಷ್ಟಕ್ಕೆ ಎದ್ದ, ಬೆಳಗ್ಗೆ ತಿಂಡಿ ತಿಂದನಾ, ಯಾವ ಹೊತ್ತಿನಲ್ಲಿ ಸಿಡುಕಿದ, ಯಾವ ಹೊತ್ತಿನಲ್ಲಿ ನಕ್ಕ, ಯಾರ ಫೋನ್ ಬಂದರೆ ಮುಖ ಬದಲಾಯಿತು.

ಬರೆಯುವಾಗ ತೀರ್ಪು ಬೇಡ. "ಸೋಮಾರಿ" ಅಂತ ಬರೆದರೆ ನಿಮಗೇನೂ ಗೊತ್ತಾಗುವುದಿಲ್ಲ. "ಸೋಮವಾರ, ಗುರುವಾರ ಬೆಳಗ್ಗೆ ಹೊಟ್ಟೆನೋವು ಅಂದ" ಅಂತ ಬರೆದರೆ ಆ ಎರಡು ದಿನ ಶಾಲೆಯಲ್ಲಿ ಯಾವ ಪೀರಿಯಡ್ ಇದೆ ಅಂತ ನೋಡಬಹುದು. ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ: ಆ ದಿನ ಪಿ.ಟಿ. ಇರುತ್ತದೆ, ಇಲ್ಲವೇ ಕಿರುಪರೀಕ್ಷೆಯ ಅಂಕಗಳನ್ನು ಎಲ್ಲರ ಮುಂದೆ ಓದುವ ಮೇಷ್ಟ್ರ ಕ್ಲಾಸ್ ಇರುತ್ತದೆ.

ಸಾಮಾನ್ಯ ತಪ್ಪು: ಗಮನಿಸುವುದು ಅಂದರೆ ಮೊಬೈಲ್ ತೆಗೆದು ಮೆಸೇಜ್ ಓದುವುದು, ಬ್ಯಾಗ್ ಜಾಲಾಡುವುದು ಅಂದುಕೊಳ್ಳುವುದು. ಒಮ್ಮೆ ಸಿಕ್ಕಿಬಿದ್ದರೆ ಮಗು ಮತ್ತೆ ನಂಬಲು ತಿಂಗಳುಗಟ್ಟಲೆ ಬೇಕು. ಜೀವಕ್ಕೆ ಅಪಾಯ ಇದೆ ಅನ್ನುವ ಬಲವಾದ ಅನುಮಾನ ಇದ್ದಾಗ ಮಾತ್ರ ಇದಕ್ಕೆ ವಿನಾಯಿತಿ.

## ಹಂತ 2: ಮನಸ್ಸಿಗಿಂತ ಮೊದಲು ದೇಹ ನೋಡಿ

ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಹಾಗಾಗಿ ಹತ್ತು ಗಂಟೆಗೆ ನಿದ್ದೆ ಬರಲ್ಲ ಅಂದರೆ ಅದು ಹಟ ಆಗಿರಬೇಕಿಲ್ಲ. ಇತ್ತ ಬೆಳಗ್ಗೆ ಐದಕ್ಕೆ ಎಬ್ಬಿಸಿ ಟ್ಯೂಷನ್‌ಗೆ ಕಳಿಸುತ್ತೇವೆ. ಹನ್ನೊಂದೂವರೆಗೆ ಮಲಗಿ ಐದಕ್ಕೆ ಏಳುವ ಮಗುವಿಗೆ ಸಿಗುವುದು ಐದೂವರೆ ಗಂಟೆ. ಅಷ್ಟೇ ನಿದ್ದೆ ಮಾಡಿ ಒಂದು ವಾರ ಕಳೆದರೆ ದೊಡ್ಡವರೂ ಸಿಡುಕುತ್ತಾರೆ, ಅಲ್ವಾ?

ನೋಟ್‌ಬುಕ್‌ನಲ್ಲಿ ಬರೆದ ನಿದ್ದೆಯ ಗಂಟೆ ಕೂಡಿಸಿ. ಕಡಿಮೆ ಇದ್ದರೆ ಮೊದಲ ಬದಲಾವಣೆ ಇಲ್ಲೇ ಆಗಬೇಕು. ಬೆಳಗಿನ ಟ್ಯೂಷನ್ ಸಂಜೆಗೆ ಹಾಕಿಸಿ, ಇಲ್ಲ ಬಿಡಿಸಿ. ಇದು ಕಷ್ಟದ ನಿರ್ಧಾರ ಅಂತ ಗೊತ್ತು. ಆದರೂ ನಿದ್ದೆಗೆಟ್ಟ ತಲೆಯಲ್ಲಿ ಆ ಟ್ಯೂಷನ್ ನಿಲ್ಲುವುದಿಲ್ಲ.

ಎರಡನೆಯದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಸುಸ್ತು, ಗಮನ ನಿಲ್ಲದಿರುವುದು, ಸುಮ್ಮಸುಮ್ನೆ ಅಳು ಬರುವುದು ಇವೆಲ್ಲ ಅದರಿಂದಲೂ ಬರಬಹುದು. ಹಿಮೋಗ್ಲೋಬಿನ್ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಹುಡುಗಿಯರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ಚಿಕಿತ್ಸೆ ಬೇಕು. ಮುಟ್ಟಿನ ನೋವು ಜಾಸ್ತಿ ಇದ್ದರೆ, ತೂಕ ಬೇಗ ಏರಿಳಿದಿದ್ದರೆ ಡಾಕ್ಟರ ಹತ್ತಿರ ಥೈರಾಯ್ಡ್ ಪರೀಕ್ಷೆಯ ಬಗ್ಗೆಯೂ ಕೇಳಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಮಗು ನಿಜಕ್ಕೂ ನುಂಗುತ್ತಿದೆಯಾ ಅಂತಲೂ ವಿಚಾರಿಸಿ.

## ಹಂತ 3: ತಲೆಯೊಳಗೆ ನಡೆಯುತ್ತಿರುವುದನ್ನು ತಿಳಿದುಕೊಳ್ಳಿ

ಮೆದುಳಿನ ಮುಂಭಾಗ, ಅಂದರೆ ಹಣೆಯ ಹಿಂದಿನ ಭಾಗ, ಮುಂದಾಲೋಚನೆ ಮಾಡುತ್ತದೆ, ಆತುರವನ್ನು ತಡೆಯುತ್ತದೆ. ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಹತ್ತಿರ. ಭಾವನೆ, ಖುಷಿ, ಹೊಸತರ ಆಸೆಗೆ ಸಂಬಂಧಿಸಿದ ಭಾಗಗಳು ಹದಿಮೂರು ಹದಿನಾಲ್ಕಕ್ಕೇ ಚುರುಕಾಗಿರುತ್ತವೆ. ವೇಗ ಬಂದ ಗಾಡಿಗೆ ಬ್ರೇಕ್ ಇನ್ನೂ ಪೂರ್ತಿ ಕೂತಿಲ್ಲದ ಸ್ಥಿತಿ ಇದು.

ಗೆಳೆಯರು ಪಕ್ಕದಲ್ಲಿದ್ದರೆ ಇದು ಇನ್ನೂ ಹೆಚ್ಚುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಕಾರು ಓಡಿಸುವ ವಿಡಿಯೊ ಆಟ ಕೊಟ್ಟು ಒಂದು ಪ್ರಯೋಗ ಮಾಡಿ, 2005ರಲ್ಲಿ ಪ್ರಕಟಿಸಿದರು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ಸುಮಾರು ಎರಡು ಪಟ್ಟು ಅಪಾಯ ತೆಗೆದುಕೊಂಡರು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. "ಮನೇಲಿ ಎಷ್ಟು ಸಾಧು, ಹೊರಗೆ ಹೀಗೆ ಮಾಡ್ತಾನೆ ಅಂದ್ರೆ ನಂಬಕ್ಕಾಗಲ್ಲ" ಅನ್ನುವವರು ಇದನ್ನು ನೆನಪಿಡಿ. ಎರಡೂ ಅದೇ ಮಗು.

ಆದ್ದರಿಂದ "ಹುಷಾರಾಗಿ ಓಡ್ಸು" ಅಂತ ಹೇಳಿ ಹದಿನಾರರ ಹುಡುಗನ ಕೈಗೆ ಬೈಕ್ ಕೀಲಿ ಕೊಡಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು.

## ಹಂತ 4: ಮಾತಿಗೆ ಸರಿಯಾದ ಹೊತ್ತು ಹುಡುಕಿ

ಎದುರಾಬದುರಾ ಕೂರಿಸಿ "ಏನಾಗಿದೆ ಹೇಳು" ಅಂದರೆ ಮಗುವಿಗೆ ಅದು ವಿಚಾರಣೆ. ಕಣ್ಣಲ್ಲಿ ಕಣ್ಣಿಡಬೇಕಾದ ಒತ್ತಡ ಇಲ್ಲದ ಕಡೆ ಮಾತು ಸಲೀಸು. ಸ್ಕೂಟರ್ ಹಿಂದೆ ಕೂತಾಗ, ಅವರೆಕಾಳು ಬಿಡಿಸುವಾಗ, ನಾಯಿಯನ್ನು ಸುತ್ತಾಡಿಸುವಾಗ, ತೋಟಕ್ಕೆ ನೀರು ಹಾಯಿಸುವಾಗ ಪ್ರಯತ್ನಿಸಿ. ಕೈಗೆ ಕೆಲಸ ಇರಲಿ, ಕಣ್ಣು ಬೇರೆ ಕಡೆ ಇರಲಿ.

ಶಾಲೆಯಿಂದ ಬಂದ ಮೊದಲ ಅರ್ಧ ಗಂಟೆ ಏನೂ ಕೇಳಬೇಡಿ. ತಿನ್ನಲು ಕೊಟ್ಟು ಬಿಟ್ಟುಬಿಡಿ. ಹೆಚ್ಚಿನ ಮಕ್ಕಳು ಬಾಯಿ ಬಿಡುವುದು ರಾತ್ರಿ ಊಟದ ಮೇಲೆ, ನೀವು ಮಲಗಲು ಹೊರಟಾಗ. "ನಾಳೆ ಮಾತಾಡೋಣ" ಅನ್ನಬೇಡಿ. ಆ ಹತ್ತು ನಿಮಿಷ ಕೂರಿ.

ಹಾಸ್ಟೆಲ್‌ನಲ್ಲಿರುವ ಮಕ್ಕಳ ವಿಷಯ ಬೇರೆ. ವಾರಕ್ಕೊಮ್ಮೆ ಫೋನ್ ಸಿಗುವ ಪಿಯು ಹಾಸ್ಟೆಲ್‌ಗಳಲ್ಲಿ ಹತ್ತು ನಿಮಿಷದ ಕರೆಯಲ್ಲಿ ಎಂಟು ನಿಮಿಷ ಟೆಸ್ಟ್ ಮಾರ್ಕ್ಸ್‌ಗೇ ಹೋಗುತ್ತದೆ. ಅದನ್ನು ತಿರುಗಿಸಿ. ಮೊದಲು ಊಟ, ರೂಮಿನ ಜೊತೆಗಾರರು, ನಿದ್ದೆ ಕೇಳಿ. ಅಂಕ ಕೊನೆಗೆ, ಅದೂ ಮಗು ತಾನಾಗಿ ಹೇಳಿದರೆ ಸಾಕು. ವಾರ್ಡನ್ ಪಕ್ಕದಲ್ಲೇ ನಿಂತಿದ್ದರೆ ಮಗು ಬಾಯಿ ಬಿಡುವುದಿಲ್ಲ. ಹಾಗಾಗಿ ಒಂದು ಗುಟ್ಟಿನ ಮಾತು ಮೊದಲೇ ಮಾಡಿಕೊಳ್ಳಿ. "ಅಜ್ಜಿ ಹೇಗಿದಾರೆ" ಅಂತ ಎರಡು ಸಲ ಕೇಳಿದರೆ ನೀವು ಆ ವಾರವೇ ಹೋಗಿ ನೋಡಬೇಕು ಅಂತ ಅರ್ಥ.

## ಹಂತ 5: ಕೇಳಿಸಿಕೊಳ್ಳಿ

ಬಹುತೇಕ ಎಲ್ಲರೂ ಸೋಲುವ ಹಂತ ಇದು. ಕೇಳಿಸಿಕೊಳ್ಳುವುದು ಸುಲಭ ಅಂದುಕೊಂಡೇ ಶುರು ಮಾಡುತ್ತೇವೆ. ಮಗು ಎರಡನೇ ವಾಕ್ಯ ಮುಗಿಸುವಷ್ಟರಲ್ಲಿ ನಮ್ಮ ಬುದ್ಧಿಮಾತು ಶುರುವಾಗಿರುತ್ತದೆ.

ಒಂದು ಉದಾಹರಣೆ ನೋಡಿ. ಮಗ ಹೇಳುತ್ತಾನೆ: "ನಾಳೆಯಿಂದ ಟ್ಯೂಷನ್‌ಗೆ ಹೋಗಲ್ಲ."

ನಮ್ಮ ಬಾಯಿಗೆ ಮೊದಲು ಬರುವ ಉತ್ತರ: "ಹೋಗಲ್ಲ ಅಂದ್ರೆ? ಅಷ್ಟು ದುಡ್ಡು ಕಟ್ಟಿರೋದು ಯಾಕೆ?" ಇಲ್ಲಿಂದ ಮುಂದೆ ಮಾತು ದುಡ್ಡಿನ ಮೇಲೆ ಹೋಗುತ್ತದೆ. ಅವನಿಗೆ ಏನಾಯಿತು ಅನ್ನುವುದು ಹೊರಗೆ ಬರುವುದೇ ಇಲ್ಲ.

ಅದರ ಬದಲು ಹೀಗೆ ಕೇಳಿ: "ಹೌದಾ? ಇವತ್ತು ಅಲ್ಲಿ ಏನಾದ್ರೂ ಆಯ್ತಾ?" ಕೇಳಿದ ಮೇಲೆ ಸುಮ್ನಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಅವನು "ಏನಿಲ್ಲ" ಅಂದರೆ ಒತ್ತಾಯ ಬೇಡ. "ಸರಿ ಕಣೋ. ಬೇಜಾರಾಗಿರೋ ಹಾಗೆ ಕಾಣ್ತೀಯ. ಹೇಳ್ಬೇಕು ಅನ್ಸಿದಾಗ ಹೇಳು, ಇಲ್ಲೇ ಅಡುಗೆಮನೇಲಿ ಇರ್ತೀನಿ." ಇಷ್ಟು ಹೇಳಿ ನಿಜವಾಗಿಯೂ ಅಲ್ಲೇ ಇರಿ. ಅವತ್ತು ಬರದಿದ್ದರೆ ಮೂರು ದಿನ ಬಿಟ್ಟು ಬರುತ್ತಾನೆ.

ಅವನು ಹೇಳಲು ಶುರು ಮಾಡಿದ ಮೇಲೆ ಮೂರು ಕೆಲಸ ಇವೆ. ಮೊದಲು, ಕೇಳಿದ್ದನ್ನು ನಿಮ್ಮ ಮಾತಲ್ಲಿ ತಿರುಗಿ ಹೇಳಿ: "ಅಂದ್ರೆ, ಎಲ್ಲರ ಮುಂದೆ ನಿಲ್ಲಿಸಿ ಬೈದ್ರು ಅಂತ ನಿಂಗೆ ಅವಮಾನ ಆಯ್ತು." ಸರಿಯಾಗಿದ್ದರೆ ಅವನು ಮುಂದುವರಿಸುತ್ತಾನೆ, ತಪ್ಪಾಗಿದ್ದರೆ ತಿದ್ದುತ್ತಾನೆ. ಎರಡರಲ್ಲೂ ನಿಮಗೆ ಲಾಭ. ಆಮೇಲೆ ಈ ಪ್ರಶ್ನೆ ಕೇಳಿ: "ನಾನು ಸುಮ್ನೆ ಕೇಳಿಸ್ಕೊಂಡ್ರೆ ಸಾಕಾ, ಇಲ್ಲ ಏನಾದ್ರೂ ಮಾಡ್ಬೇಕಾ?" ಅರ್ಧಕ್ಕರ್ಧ ಸಲ ಮಕ್ಕಳು "ಏನೂ ಮಾಡ್ಬೇಡ" ಅನ್ನುತ್ತಾರೆ. ಅದನ್ನು ಪಾಲಿಸಿ. ಕೊನೆಯದು, ಕೇಳಿದ್ದು ನಿಮ್ಮಲ್ಲೇ ಉಳಿಯಬೇಕು. ಯುಗಾದಿಗೆ ಬಂದ ಚಿಕ್ಕಮ್ಮನ ಬಾಯಲ್ಲಿ ಆ ವಿಷಯ ಬಂದರೆ ಮುಂದಿನದನ್ನು ಮಗು ನಿಮಗೆ ಹೇಳುವುದಿಲ್ಲ.

ಬಿಡಬೇಕಾದ ಮಾತುಗಳೂ ಇವೆ. "ನಮ್ಮ ಕಾಲದಲ್ಲಿ", "ಇಷ್ಟಕ್ಕೆಲ್ಲ ಅಳ್ತಾರಾ", "ಹುಡುಗ ಆಗಿ ಹೀಗಾ", "ನಾಲ್ಕು ಜನ ಏನಂತಾರೆ". ಇವುಗಳಲ್ಲಿ "ಹುಡುಗ ಆಗಿ ಹೀಗಾ" ಅನ್ನುವುದು ತುಂಬ ಹಾನಿ ಮಾಡುತ್ತದೆ. ಅಳಬಾರದು ಅಂತ ಕಲಿತ ಹುಡುಗರು ಸಂಕಟವನ್ನು ಸಿಟ್ಟಾಗಿ ತೋರಿಸುತ್ತಾರೆ, ನಾವು ಆ ಸಿಟ್ಟಿಗೆ ಶಿಕ್ಷೆ ಕೊಡುತ್ತೇವೆ.

ಸರಿಯಾಗಿ ಹೋಗುತ್ತಿದೆ ಅನ್ನುವ ಗುರುತು: ಮಗು ನಿಮ್ಮ ಮುಂದೆ ಮೊದಲಿಗಿಂತ ಜಾಸ್ತಿ ದೂರು ಹೇಳಲು ಶುರು ಮಾಡುತ್ತದೆ. ಇದನ್ನು ನೋಡಿ ಗಾಬರಿಯಾಗಬೇಡಿ, ಬೈಯಬೇಡಿ.

## ಹಂತ 6: ಈಗ ನಿಯಮ, ಮೊದಲು ಮೊಬೈಲ್

ಮಾತು ಸ್ವಲ್ಪ ಸಲೀಸಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಮನೆಯಲ್ಲಿ ನಿಯಮ ಕಡಿಮೆ ಇರಲಿ, ಮೂರು ನಾಲ್ಕು ಸಾಕು. ಅವು ಸುರಕ್ಷತೆ, ನಿದ್ದೆ, ಗೌರವಕ್ಕೆ ಸಂಬಂಧಿಸಿರಲಿ. ಕೂದಲು ಹೇಗೆ ಕತ್ತರಿಸಿಕೊಂಡ, ಯಾವ ಟೀ ಶರ್ಟ್ ಹಾಕಿದ ಅನ್ನುವುದನ್ನು ಬಿಟ್ಟುಬಿಡಿ. ಅಲ್ಲಿ ಗೆದ್ದು ನಿಮಗೆ ಸಿಗುವುದೇನೂ ಇಲ್ಲ.

ಮೊಬೈಲ್‌ಗೆ ಕೆಲಸ ಮಾಡುವ ನಿಯಮ ಒಂದೇ: ರಾತ್ರಿ ಒಂದು ಹೊತ್ತಿನ ನಂತರ ಮನೆಯ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜ್‌ಗೆ ಇರಬೇಕು. ಅಪ್ಪನದೂ ಸೇರಿ. "ಅಲಾರಂಗೆ ಬೇಕು" ಅನ್ನುವ ಕಾರಣ ಬರುತ್ತದೆ, ಅದಕ್ಕೇ ಗಡಿಯಾರ ತರಲು ಹೇಳಿದ್ದು. ಎಷ್ಟು ಗಂಟೆಗೆ ಅನ್ನುವುದನ್ನು ಮಗುವಿನ ಜೊತೆ ಕೂತು ತೀರ್ಮಾನಿಸಿ. ನೀವು ಹತ್ತು ಅಂದು, ಅವಳು ಹನ್ನೊಂದು ಅಂದರೆ ಹತ್ತೂವರೆಗೆ ಒಪ್ಪಿ. ತಾನೂ ಸೇರಿ ಮಾಡಿದ ನಿಯಮವನ್ನು ಮಗು ಮುರಿಯುವುದು ಕಡಿಮೆ.

ಆನ್‌ಲೈನ್ ಆಟ ಆಡುವಾಗ ಮಧ್ಯದಲ್ಲಿ ವೈಫೈ ಆಫ್ ಮಾಡಬೇಡಿ. ಅದು ತಂಡದ ಆಟ, ಗೆಳೆಯರ ಮುಂದೆ ಅವಮಾನ ಆಗುತ್ತದೆ. ಒಂದು ಪಂದ್ಯಕ್ಕೆ ಎಷ್ಟು ಹೊತ್ತು ಬೇಕು ಅಂತ ಕೇಳಿ, "ಎರಡು ಮ್ಯಾಚ್ ಆದ ಮೇಲೆ ಊಟ" ಅನ್ನಿ.

ಯಾರಾದರೂ ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದರೆ ಏನು ಮಾಡಬೇಕು ಅಂತ ಇವತ್ತೇ ಹೇಳಿಡಿ: "ಏನೇ ಆಗಿದ್ರೂ ನಂಗೆ ಹೇಳು, ಫೋನ್ ಕಿತ್ಕೊಳ್ಳಲ್ಲ." ಫೋನ್ ಹೋಗುತ್ತದೆ ಅನ್ನುವ ಹೆದರಿಕೆಗೇ ಬಹಳ ಮಕ್ಕಳು ಒಬ್ಬರೇ ನರಳುತ್ತಾರೆ. ದುಡ್ಡು ಕೊಡಬೇಡಿ, ಮೆಸೇಜ್‌ಗಳನ್ನು ಅಳಿಸಬೇಡಿ, ಸೈಬರ್ ಪೊಲೀಸರಿಗೆ ದೂರು ಕೊಡಿ. ಸಹಾಯವಾಣಿ 1930. ಬಿಡಲಾಗದ ಮಟ್ಟಕ್ಕೆ ಮೊಬೈಲ್ ಹತ್ತಿಕೊಂಡಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ.

## ಹಂತ 7: ಪರೀಕ್ಷೆ, ಪ್ರೀತಿ

ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಮನೆಗಳಲ್ಲಿ ಜನವರಿಯಿಂದಲೇ ಮಾತೆಲ್ಲ ಪರ್ಸೆಂಟೇಜ್ ಮೇಲೆ ಹೋಗುತ್ತದೆ. ಮಗು ಬಾಯಲ್ಲಿ ಹೇಳದಿದ್ದರೂ ಅದಕ್ಕೆ ಅನ್ನಿಸುವುದು ಒಂದೇ: ಅಂಕ ಬಂದರೆ ಮಾತ್ರ ನಾನು ಬೇಕು. ದಿನಕ್ಕೆ ಒಂದಾದರೂ ಮಾತು ಓದಿಗೆ ಸಂಬಂಧ ಇಲ್ಲದ್ದು ಆಡಿ.

ಫೇಲಾದರೆ ಮುಂದೇನು ಅನ್ನುವುದನ್ನು ಫಲಿತಾಂಶಕ್ಕೆ ಮೊದಲೇ ಮಾತಾಡಿ ಮುಗಿಸಿ. 2024ರಿಂದ ರಾಜ್ಯದ ಪರೀಕ್ಷಾ ಮಂಡಳಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಸಲ ಪರೀಕ್ಷೆ ಬರೆಯಲು ಅವಕಾಶ ಕೊಟ್ಟಿದೆ, ಬಂದದ್ದರಲ್ಲಿ ಹೆಚ್ಚಿನ ಅಂಕ ಉಳಿಸಿಕೊಳ್ಳಬಹುದು. ಮಗುವಿಗೆ ಇದು ಗೊತ್ತಿರುತ್ತದೆ. ಆದರೂ ನಿಮ್ಮ ಬಾಯಿಂದ ಕೇಳಬೇಕು: "ಹೋದ್ರೆ ಇನ್ನೊಂದ್ಸಲ ಬರೆಯೋಣ. ಅದಕ್ಕೆ ನಾನು ಬೈಯಲ್ಲ." ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ. ನೆಂಟರ ಕರೆ ನೀವೇ ತೆಗೆಯಿರಿ. ಮಗುವಿನ ಕೈಗೆ ಕೊಡಬೇಡಿ.

ಪ್ರೀತಿಯ ವಿಷಯ ಗೊತ್ತಾದಾಗ ಕಾಲೇಜು ಬಿಡಿಸುವುದು, ಹೊಡೆಯುವುದು, ಊರಿಗೆ ಕಳಿಸುವುದು ಇವೆಲ್ಲ ಮಕ್ಕಳನ್ನು ಓಡಿಹೋಗುವ ಕಡೆಗೇ ತಳ್ಳುತ್ತವೆ. ಈ ವಯಸ್ಸಿನಲ್ಲಿ ಆಕರ್ಷಣೆ ಸಹಜ ಅಂತ ಮೊದಲು ಹೇಳಿ. ಆಮೇಲೆ ಕಾನೂನು ತಿಳಿಸಿ: 18 ವರ್ಷದ ಒಳಗಿನವರ ಜೊತೆ ಲೈಂಗಿಕ ಸಂಪರ್ಕ, ಇಬ್ಬರೂ ಒಪ್ಪಿದ್ದರೂ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಇದನ್ನು ಬೆದರಿಕೆಯ ದನಿಯಲ್ಲಿ ಹೇಳಬೇಡಿ. ಪ್ರೀತಿ ಮುರಿದರೆ ಅದನ್ನು ಸಣ್ಣದು ಅನ್ನಬೇಡಿ. ಹದಿನೇಳರ ಮನಸ್ಸಿಗೆ ಅದು ನಿಜವಾದ ದುಃಖ.

## ಹಂತ 8: ಅಪಾಯದ ಗುರುತುಗಳು

ಸಿಡುಕು, ಬಾಗಿಲು ಹಾಕಿಕೊಳ್ಳುವುದು, ಗೆಳೆಯರೇ ಹೆಚ್ಚು ಅನ್ನುವುದು ವಯಸ್ಸಿನ ಗುಣ. ಆದರೆ ಕೆಳಗಿನವು ಎರಡು ವಾರಕ್ಕಿಂತ ಜಾಸ್ತಿ ನಡೆದರೆ ಕಾಯಬೇಡಿ:

- ಮೊದಲು ಇಷ್ಟಪಡುತ್ತಿದ್ದ ಕ್ರಿಕೆಟ್, ಡ್ಯಾನ್ಸ್, ಗೆಳೆಯರು ಯಾವುದೂ ಬೇಡ ಅನ್ನುವುದು
- ದಿನವಿಡೀ ಸಿಟ್ಟು ಅಥವಾ ಅಳು, ನಿದ್ದೆ ಊಟದಲ್ಲಿ ದೊಡ್ಡ ಬದಲಾವಣೆ
- ಶಾಲೆಗೆ ಹೋಗಲು ನಿರಾಕರಣೆ, ಅಂಕ ಇದ್ದಕ್ಕಿದ್ದಂತೆ ಕುಸಿಯುವುದು
- ಸ್ನಾನ, ಬಟ್ಟೆ, ಶುಚಿಯ ಬಗ್ಗೆ ಗಮನವೇ ಇಲ್ಲದಿರುವುದು
- ಇಲ್ಲದ ದನಿ ಕೇಳಿಸುತ್ತಿದೆ, ಎಲ್ಲರೂ ನನ್ನ ಮೇಲೆ ಸಂಚು ಮಾಡುತ್ತಿದ್ದಾರೆ ಅನ್ನುವುದು (ಇದಕ್ಕೆ ಎರಡು ವಾರ ಕಾಯುವುದೂ ಬೇಡ)

ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಬಿಡದಿರುವುದು, ಪ್ರೀತಿಯ ವಸ್ತುಗಳನ್ನು ಹಂಚುವುದು, "ನಾನಿಲ್ಲದಿದ್ರೆ ನಿಮ್ಗೆಲ್ಲ ಚೆನ್ನಾಗಿರುತ್ತೆ" ಅನ್ನುವುದು ಕಂಡರೆ ಅವತ್ತೇ ಕೇಳಿ. ನೇರವಾಗಿ ಕೇಳಿ: "ಸಾಯ್ಬೇಕು ಅಂತ ಅನ್ಸುತ್ತಾ ಕಂದಾ?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೇಳಿಕೊಳ್ಳಲು ದಾರಿ ಆಗುತ್ತದೆ. "ಹೌದು" ಅಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಒಂಟಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಬೀಗ ಹಾಕಿಡಿ, ಇಲ್ಲವೇ ಬೇರೆ ಮನೆಗೆ ಸಾಗಿಸಿ. ಆಮೇಲೆ ಮುಂದಿನ ಹಂತ, ಅದೇ ದಿನ.

## ಹಂತ 9: ಎಲ್ಲಿಗೆ ಹೋಗಬೇಕು

ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಪೋಷಕರೂ ಕರೆ ಮಾಡಬಹುದು, ಮಗುವೂ ಮಾಡಬಹುದು. ಮನೆಯ ಫ್ರಿಜ್ ಮೇಲೆ ಈ ನಂಬರ್ ಅಂಟಿಸಿಡಿ. ಮಗುವಿನ ಮೇಲೆ ಯಾರಾದರೂ ದೌರ್ಜನ್ಯ ಮಾಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ 'ಸ್ನೇಹ ಕ್ಲಿನಿಕ್' ಇರುತ್ತದೆ. ಮುಟ್ಟು, ರಕ್ತಹೀನತೆ, ಮನಸ್ಸಿನ ಚಿಂತೆ ಎಲ್ಲಕ್ಕೂ ಅಲ್ಲಿ ಸಲಹೆ ಸಿಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೇ ಪ್ರತ್ಯೇಕ ವಿಭಾಗ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ.

ಮಗು ಪ್ರಾಣಕ್ಕೆ ಅಪಾಯ ಮಾಡಿಕೊಂಡಿದ್ದರೆ ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಪರಿಗಣಿಸಿ ಅವರಿಗೆ ಶಿಕ್ಷೆಯಿಂದ ರಕ್ಷಣೆ ಕೊಡುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ "ಸುಮ್ನೆ ಹಲ್ಲು ತೋರಿಸಕ್ಕೆ" ಅಂತ ಸುಳ್ಳು ಹೇಳಿ ಕರೆದೊಯ್ಯಬೇಡಿ. "ನಿಂಗೆ ನಿದ್ದೆ ಬರ್ತಿಲ್ಲ, ನಂಗೂ ಚಿಂತೆ ಆಗಿದೆ, ಇಬ್ರೂ ಹೋಗಿ ಕೇಳೋಣ" ಅನ್ನಿ. ಮೊದಲ ಹಂತದ ನೋಟ್‌ಬುಕ್ ಜೊತೆಗೆ ಒಯ್ಯಿರಿ, ಡಾಕ್ಟರಿಗೆ ಅದು ಬಹಳ ಉಪಯೋಗ. ಸ್ವಲ್ಪ ಹೊತ್ತು ಮಗು ಒಂಟಿಯಾಗಿ ಡಾಕ್ಟರ ಜೊತೆ ಮಾತಾಡಲಿ, ನೀವು ಹೊರಗೆ ಕೂರಿ. ಹೊರಬಂದ ಮೇಲೆ "ಏನು ಹೇಳ್ದೆ?" ಅಂತ ಕೇಳಬೇಡಿ. ಮಾತ್ರೆ ಬರೆದುಕೊಟ್ಟರೆ ಪರಿಣಾಮ ಕಾಣಲು ಕೆಲವು ವಾರ ಬೇಕಾಗಬಹುದು. ಮೊದಲ ದಿನಗಳಲ್ಲಿ ಚಡಪಡಿಕೆ, ಸಾವಿನ ಮಾತು ಹೆಚ್ಚಾದರೆ ತಕ್ಷಣ ಡಾಕ್ಟರಿಗೆ ತಿಳಿಸಿ. ಚೆನ್ನಾಗಾಗಿದೆ ಅಂತ ನೀವೇ ನಿಲ್ಲಿಸಬೇಡಿ. ಆ ಮಾತ್ರೆಗಳು ನಿಮ್ಮ ಹತ್ತಿರವೇ ಇರಲಿ, ದಿನದ್ದು ದಿನಕ್ಕೆ ಕೊಡಿ.